ಗಂಡು ಕೇದಿಗೆ

ನಮ್ಮ ಅಂಗಳದಲ್ಲಿ ಒಂದು ಕಾಲಕ್ಕೆ ದೇವರಿಗೆಲ್ಲ ಹೂವಿತ್ತು, ಅವ್ವನಿಗೆ ಮಾತ್ರ ಇರಲಿಲ್ಲ. ಬಿಳಿ ಎಕ್ಕೆ ಹಣಮಪ್ಪನಿಗೆ, ದತ್ತೂರಿ ಮತ್ತು ಕಣಗಿಲೆ ಲಿಂಗಕ್ಕೆ, ಕೆಂಪು ದಾಸವಾಳ ಗಣಪನಿಗೆ, ಚೆಂಡು ಹೂ ದಸರೆಯ ದಿನ ಊರಿನ ಟ್ರ್ಯಾಕ್ಟರುಗಳಿಗೆ. ಹೂವೆಂದರೆ ಹೆಂಗಸರ ವಸ್ತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಮನ್ಮಥ ಬಾಣ ಮಾಡಿಕೊಂಡದ್ದು ಹೂವನ್ನೇ. ಮದುಮಗ ಹಣೆಗೆ ಕಟ್ಟಿಕೊಳ್ಳುವ ಬಾಸಿಂಗದಲ್ಲೂ ಹೂವೇ. ಚುನಾವಣೆ ಗೆದ್ದ ಪುಢಾರಿ ಕೊರಳು ಚಾಚುವುದೂ ಹೂವಿನ ಹಾರಕ್ಕೇ. ಹೆಂಗಸಿಗೆ ಸಿಗುವುದು ಒಂದು ಮೊಳ ಮಲ್ಲಿಗೆ, ಅದೂ ಗಂಡ ಬದುಕಿರುವ ತನಕ.

ಅವ್ವನಿಗೆ ಆ ಒಂದು ಮೊಳ ಎರಡು ಸಲ ತಪ್ಪಿತು. ಸಣ್ಣ ವಯಸ್ಸಿನಲ್ಲೇ ಮೊದಲ ಗಂಡ ತೀರಿಕೊಂಡ. ಆಮೇಲೆ ಅಪ್ಪ ಆಕೆಯನ್ನು ಉಡಿಕಿ ಮಾಡಿಕೊಂಡ. ಗಂಡ ಸತ್ತವಳನ್ನು ಮತ್ತೆ ಮದುವೆಯಾಗುವುದಕ್ಕೆ ನಮ್ಮ ಕಡೆ ಉಡಿಕಿ ಅನ್ನುತ್ತಾರೆ. ಬಾಜಾ ಇಲ್ಲ, ಬಾಸಿಂಗ ಇಲ್ಲ, ಲಗ್ನಪತ್ರಿಕೆ ಇಲ್ಲ. ನಾಲ್ಕು ಮಂದಿ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ತಾಳಿ ಕಟ್ಟಿದರೆ ಆಯಿತು. ಯಾರೂ ಫೋಟೋ ತೆಗೆದಿರಲಿಲ್ಲ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಆ ನಾಲ್ವರಲ್ಲಿ ಉಳಿದವರು ಒಬ್ಬರೇ, ಎದುರು ಮನೆಯ ಕಾಕಾ.

ಕಾಕಾ ಎಂದರೆ ರಕ್ತಸಂಬಂಧವಲ್ಲ, ಊರ ಸಲುಗೆ. ಚಿತ್ತಾಪುರ ತಾಲ್ಲೂಕಿನ ಕಾಗಿಣಾ ದಂಡೆಯ ನಮ್ಮೂರಲ್ಲಿ ಅವರಷ್ಟು ದೈವಭಕ್ತರು ಇನ್ನೊಬ್ಬರಿಲ್ಲ. ದಿನಾ ಬೆಳಿಗ್ಗೆ ಹಿತ್ತಾಳೆ ಬುಟ್ಟಿ ಹಿಡಿದು ಪೂಜೆಯ ಹೂವಿಗೆ ನಮ್ಮ ಅಂಗಳಕ್ಕೇ ಬರುತ್ತಿದ್ದರು. ಶಿವರಾತ್ರಿಗೆ ಗುಡಿಯಲ್ಲಿ ಪುರಾಣ ಹೇಳುತ್ತಿದ್ದವರೂ ಅವರೇ. ಬ್ರಹ್ಮ ಮತ್ತು ವಿಷ್ಣು ನಾ ದೊಡ್ಡವ, ನೀ ದೊಡ್ಡವ ಎಂದು ಜಗಳಕ್ಕೆ ನಿಂತ ಕಥೆಯನ್ನು ನಾನು ಕೇಳಿದ್ದು ಅವರ ಬಾಯಿಂದಲೇ. ಶಿವ ಬೆಂಕಿಯ ಕಂಬವಾಗಿ ನಿಂತ. ಅದರ ತುದಿ ನೋಡಲು ಹೋದ ಬ್ರಹ್ಮನಿಗೆ ತುದಿ ಸಿಗಲಿಲ್ಲ. ಮೇಲಿಂದ ಉದುರುತ್ತಿದ್ದ ಕೇದಿಗೆ ಹೂವನ್ನು ಹಿಡಿದು, ನಾನು ತುದಿ ಕಂಡೆ ಅಂತ ಸಾಕ್ಷಿ ಹೇಳು ಎಂದ. ಹೂವು ಹೇಳಿತು. ಶಿವ ಸಿಟ್ಟಾಗಿ, ನೀನು ನನ್ನ ಪೂಜೆಗೆ ಸಲ್ಲಬೇಡ ಎಂದು ಶಪಿಸಿದ. ಇಲ್ಲಿಗೆ ಬಂದಾಗ ಕಾಕಾ ಕೈ ಎತ್ತಿ, "ಹೆಣ್ಣಿನ ಬಾಯಿ ನೋಡ್ರಿ, ಎಂಥಾ ಸುಳ್ಳು ಹೇಳ್ತು!" ಅನ್ನುತ್ತಿದ್ದರು. ಗಂಡಸರೆಲ್ಲ ತಲೆಯಾಡಿಸುತ್ತಿದ್ದರು. ಚಿಕ್ಕವಳಾದ ನಾನೂ ಆಡಿಸುತ್ತಿದ್ದೆ.

ಅಪ್ಪ ಸತ್ತ ವರ್ಷವೇ ಸೇಡಂ ಕಡೆ ಇದ್ದ ದೊಡ್ಡಪ್ಪ ಚಿತ್ತಾಪುರದ ಕೋರ್ಟಿಗೆ ಹೋದರು. ಈಕೆ ನನ್ನ ತಮ್ಮನ ಹೆಂಡತಿಯೇ ಅಲ್ಲ, ಹೊಲದ ಮೇಲೆ ಈಕೆಗಾಗಲಿ ಮಗಳಿಗಾಗಲಿ ಹಕ್ಕಿಲ್ಲ ಎಂಬುದು ಅವರ ವಾದ. ಮನೆ ಅವ್ವನ ತವರಿನದು, ಅದಕ್ಕೆ ಕೈ ಹಾಕಲಾಗಲಿಲ್ಲ. ಹೊಲದ ಚಿಂತೆ ನನಗಿತ್ತು, ಅವ್ವನಿಗೆ ಇರಲಿಲ್ಲ. "ಹೊಲ ಹೋದ್ರ ಹೋಗ್ಲಿ. ನಾ ಲಗ್ನ ಆದಾಕಿ ಅಂತ ಒಬ್ಬರು ಬಾಯಿ ಬಿಟ್ಟು ಹೇಳ್ಲಿ, ಸಾಕು" ಅನ್ನುತ್ತಿದ್ದಳು. ಹೇಳಲು ಕಾಕಾ ಇದ್ದಾರಲ್ಲ ಎಂದು ನಾವು ಧೈರ್ಯವಾಗಿಯೇ ಇದ್ದೆವು.

ಕಾಕಾ ಕಟಕಟೆಯಲ್ಲಿ ನಿಂತು ಹೇಳಿದ್ದು ಇಷ್ಟು: "ಉಡಿಕಿ ಆಗಿದ್ದು ನಾ ನೋಡಿಲ್ರಿ. ಆಕಿ ಹಂಗೇ ಬಂದು ಇದ್ದಳ್ರಿ."

ಹಂಗೇ. ಆ ಒಂದು ಮಾತಿಗೆ ಅವ್ವ ಸೆರಗು ಬಾಯಿಗೊತ್ತಿಕೊಂಡಳು. ತೀರ್ಪು ದೊಡ್ಡಪ್ಪನ ಕಡೆ ಬಂತು. ಎರಡು ತಿಂಗಳಲ್ಲಿ ಕಾಕಾ ಗುಡಿ ಕಮಿಟಿಯ ಅಧ್ಯಕ್ಷರಾದರು. ಕಮಿಟಿಯಲ್ಲಿ ದೊಡ್ಡಪ್ಪನ ಬೀಗರ ಮಾತೇ ನಡೆಯುವುದೆಂದು ಊರಿಗೆಲ್ಲ ಗೊತ್ತು.

ಆ ಸುಳ್ಳು ಸಾಕ್ಷಿಯನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಸಾಕ್ಷಿ ಹೇಳಿದ ಮುಂದಿನ ಸೋಮವಾರವೇ ಆ ಮನುಷ್ಯ ಬುಟ್ಟಿ ಹಿಡಿದು ಕಣಗಿಲೆ ಹರಿಯಲು ನಮ್ಮ ಅಂಗಳಕ್ಕೆ ಬಂದರು! ಏನೂ ಆಗಿಲ್ಲವೆಂಬಂತೆ. ನನ್ನ ಮೈ ಉರಿದುಹೋಯಿತು. ಅವರು ನೋಡುತ್ತಿದ್ದ ಹಾಗೆಯೇ ಗುದ್ದಲಿ ತಂದು ಕಣಗಿಲೆ ಕಿತ್ತೆ, ಎಕ್ಕೆ ಕಿತ್ತೆ, ದತ್ತೂರಿ ಕಿತ್ತೆ. "ಗಿಡ ಏನ್ ಮಾಡ್ಯಾವ?" ಎಂದು ಅವ್ವ ಅತ್ತಳು. ಗಿಡ ಏನೂ ಮಾಡಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಗಿಡ, ಅಷ್ಟೇ.

ನಾನು ವಾಡಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿಂದ ಒಂದು ರವಿವಾರ ಚಿಂಚೋಳಿಗೆ ಹೋದೆ. ಚಿಮ್ಮನಚೋಡದ ಕಡೆ ಹಳ್ಳದ ದಂಡೆಯಲ್ಲಿ ಒಬ್ಬ ಮುದುಕ ಕೇದಿಗೆ ಬೆಳೆಸುತ್ತಾನೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಸಸಿ ಕೇಳಿದೆ.

"ಗಂಡ ಬೇಕೋ, ಹೆಣ್ಣ ಬೇಕೋ?" ಎಂದ.

"ವಾಸನಿ ಹೂ ಬಿಡೋದು ಕೊಡ್ರಿ."

"ಹಂಗಾದ್ರ ಗಂಡ. ಹೆಣ್ಣ ಗಿಡ ಕಾಯಿ ಬಿಡ್ತದ ತಾಯಿ. ಜಡಿಗಿ ಮುಡಿತಾರಲ್ಲ, ಆ ಹೂ ಗಂಡಿಂದೇ."

ನಾನು ಅವನನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಶಿವನ ಮುಂದೆ ಸುಳ್ಳು ಹೇಳಿದ್ದು ಗಂಡು ಹೂವು. ಇಷ್ಟು ವರ್ಷ ಬೈಸಿಕೊಂಡಿದ್ದು ನಾವು. ಬಸ್ಸಿನಲ್ಲಿ ಮುಳ್ಳಿನ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ, ಕೈಯೆಲ್ಲ ಗೀರಿತು. ಹಾಗೆ ಖುಷಿಯಾಗಿ ನಾನು ಹಿಂದೆಂದೂ ಬಸ್ಸಿನಲ್ಲಿ ಕೂತಿರಲಿಲ್ಲ.

ಕಾಕಾನ ತಲಬಾಗಿಲಿಗೆ ನೇರವಾಗಿ, ಬೇಲಿಯ ಪಕ್ಕ ನೆಟ್ಟೆ. ಕೇದಿಗೆಗೆ ಅವಸರವಿಲ್ಲ. ನನಗೂ ಇರಲಿಲ್ಲ. ರಜೆಗೆ ಬಂದಾಗಲೆಲ್ಲ ಬಚ್ಚಲ ನೀರು ತಿರುಗಿಸಿ, ಗೊಬ್ಬರ ಹಾಕಿ, ನಾಲ್ಕೈದು ವರ್ಷ ಕಾದೆ. ಕಾಕಾನ ಆಯುಷ್ಯ ಗಟ್ಟಿಯಾಗಿರಲಿ ಎಂದು ನಾನು ಬೇಡಿಕೊಂಡಷ್ಟು ಅವರ ಸ್ವಂತ ಮಕ್ಕಳೂ ಬೇಡಿಕೊಂಡಿರಲಿಕ್ಕಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಹೂ ಬಿಟ್ಟಿತು. ಓಣಿಯ ತುಂಬ ಘಮ. ಸೋಮವಾರ ರಜೆ ಹಾಕಿ ಬೆಳಿಗ್ಗೆಯೇ ಬೇಲಿಯ ಬಳಿ ನಿಂತೆ. ನಳಕ್ಕೆ ನೀರು ಬಂದು ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಸೇರಿದ್ದರು, ಕಾಕಾನ ಸೊಸೆಯೂ ಇದ್ದಳು. ಕಾಕಾ ಬುಟ್ಟಿ ಹಿಡಿದು ಗುಡಿಗೆ ಹೊರಟರು.

"ಕಾಕಾ, ಬರ್ರಿ. ಹೂ ಒಯ್ಯಿರಿ" ಎಂದೆ.

ಅವರ ಮುಖ ಅರಳಿತು. "ಸಿಟ್ಟು ಇಳೀತೇನು ಮಗಳಾ?" ಎನ್ನುತ್ತ ಬಂದರು. ನಾನು ಒಂದು ತೆನೆ ಕೇದಿಗೆ ಕೊಯ್ದು ಬುಟ್ಟಿಯಲ್ಲಿಟ್ಟೆ.

"ಇದು ಶಿವಗ ಏರ್ಸಂಗಿಲ್ಲವ್ವ."

"ಯಾಕ್ರೀ? ಇಷ್ಟು ಚೊಲೋ ವಾಸನಿ ಅದ."

"ಶಾಪ ಅದ ಇದಕ್ಕ."

"ಏನ್ ಮಾಡಿತ್ತು ಅಂತ ಶಾಪ?"

ಕಾಕಾ ಗುಡಿಯ ಕಡೆ ತಿರುಗಿದರು. ನಳದ ಹತ್ತಿರವಿದ್ದ ಒಬ್ಬಾಕೆ ಏನೂ ಅರಿಯದೆ, "ಹೇಳ್ರಲ್ಲ ಕಾಕಾ, ಪುರಾಣ ಹೇಳೋರು ನೀವೇ ಅಲ್ಲೇನು?" ಎಂದಳು. ಬೇರೆ ದಾರಿಯಿಲ್ಲದೆ ಅವರು ಶುರು ಮಾಡಿದರು. ಬೆಂಕಿಯ ಕಂಬ ಬಂತು, ಬ್ರಹ್ಮ ಬಂದ, ಹೂವು ಉದುರಿತು. ಸಾಕ್ಷಿ ಎಂಬಲ್ಲಿಗೆ ದನಿ ನಿಂತಿತು.

"ಇದು ಹೆಣ್ಣಲ್ಲರೀ ಕಾಕಾ, ಗಂಡ ಹೂ" ಎಂದೆ. "ಅದು ನೋಡಲಾರದ್ದು ನೋಡೀನಿ ಅಂತು. ನೀವು ನೋಡಿದ್ದು ನೋಡಿಲ್ಲ ಅಂದ್ರಿ."

ತುಂಬಿದ ಕೊಡವನ್ನು ಯಾರೂ ಎತ್ತಲಿಲ್ಲ. ಕಾಕಾನ ಸೊಸೆ ಒಂದು ಹೆಜ್ಜೆ ಮುಂದೆ ಬಂದು, "ಖರೇನಾ ಮಾವ?" ಎಂದಳು. ಅವರು ಬುಟ್ಟಿಯನ್ನು ಬೇಲಿಯ ಬುಡದಲ್ಲಿ ಇಳಿಸಿದರು. ನನಗೆ ಅಯ್ಯೋ ಅನ್ನಿಸಲಿಲ್ಲ.

"ನಾ ಇದ್ದೆ" ಎಂದರು ನೆಲ ನೋಡುತ್ತ. "ಉಡಿಕಿ ಆಗಿತ್ತು. ಲಗ್ನ ಆದಾಕಿನೇ ಆಕಿ."

ಅವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಏನಂದ? ನನಗ ಕೇಳ್ಸಲಿಲ್ಲ" ಎಂದಳು.

ಕಾಕಾ ಮತ್ತೆ ಹೇಳಿದರು.

"ಇನ್ನೊಮ್ಮಿ ಹೇಳಂತ ಹೇಳು ಅವಂಗ. ನನ್ನ ಕಿವಿ ಮಂದ ಆಗ್ಯಾವ."

ಮೂರನೆಯ ಸಲ ಹೇಳುವಾಗ ಕಾಕಾ ಕೂಗಬೇಕಾಯಿತು. ಗುಡಿಯ ಕಟ್ಟೆಯ ಮೇಲಿದ್ದವರೂ ತಿರುಗಿ ನೋಡಿದರು. ನಮ್ಮವ್ವನ ಕಿವಿ ಇವತ್ತಿಗೂ ಎಷ್ಟು ಚುರುಕೆಂದರೆ, ಅಡುಗೆಮನೆಯಲ್ಲಿ ಬೆಕ್ಕು ಹಾಲಿನ ಮುಚ್ಚಳ ಮುಟ್ಟಿದರೆ ಅಂಗಳದಿಂದಲೇ ಬಯ್ಯುತ್ತಾಳೆ.