ಕೆಂಪವ್ವನ ಪಾಲು

ಅಂಕಲಗಿಯ ಕುರುಬರ ಕೆಂಪವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಮಾತು ಒಂದೇ ಒಂದು. ಅದನ್ನು ಆಕೆ ಸಾಯುವ ತನಕ ಬಿಡಲಿಲ್ಲ.

ಬ್ರಿಟಿಷರ ಕಾಲ. ಭೂಮಿ ಅಳೆಯಲು ಬಂದ ಸಾಹೇಬನೊಬ್ಬನ ಗಬ್ಬದ ಕುದುರೆ ಅವಳ ಕುರಿಹಟ್ಟಿಯ ಹತ್ತಿರವೇ ಕುಂಟತೊಡಗಿತು. ಸಾಹೇಬ ಲಗಾಮನ್ನು ಅವಳ ಕೈಗಿತ್ತು, "ಲುಕ್ ಆಫ್ಟರ್ ಹರ್" ಎಂದ. ಜೊತೆಗಿದ್ದ ವ್ಯಾಪಾರಿ ಭರತೇಶ ನಾಲ್ಕಕ್ಷರ ಇಂಗ್ಲಿಷ್ ಬಲ್ಲವನು.

"ಮಳಿಗಾಲ ಮುಗಿಯೂತನ ಕುದರಿ ನೋಡಿಕೋಬೇಕಂತವಾ," ಎಂದ.

ಕೆಂಪವ್ವ ಹಿಗ್ಗಿ ಹೀರೇಕಾಯಿಯಾದಳು. ಹಿಗ್ಗದೆ ಏನು ಮಾಡುತ್ತಾಳೆ! ಒಬ್ಬರ ಕುರಿಯನ್ನು ಇನ್ನೊಬ್ಬರು ನೋಡಿಕೊಂಡರೆ ಮೊದಲ ಮರಿ ನೋಡಿಕೊಂಡವರ ಪಾಲಿಗೆ, ಇದು ಅವರ ಹಟ್ಟಿಯ ರಿವಾಜು. ಅವಳ ತಟ್ಟುಗುದುರೆ ಹೋದ ಬೇಸಿಗೆಯಲ್ಲಿ ಸತ್ತಿತ್ತು. ಕುರಿ ಹೊಡೆದುಕೊಂಡು ಊರೂರು ಅಲೆಯುವಾಗ ಗಂಟುಮೂಟೆ, ನಡೆಯಲಾರದ ಎಳೆಮರಿ, ಎಲ್ಲ ಅವಳ ತಲೆಯ ಮೇಲೆಯೇ.

ಕುದುರೆಯ ಕಾಲಿಗೆ ದಿನಾ ಎಣ್ಣೆ ತಿಕ್ಕಿದಳು, ಜೋಳದ ಗಂಜಿ ಕುಡಿಸಿದಳು. ಗಂಡ ಮಾಯಪ್ಪ ಕೊಂಕು ತೆಗೆದ: "ನನ್ನ ಮೊಣಕಾಲಿಗೆ ಒಂದಿನಾರೆ ಎಣ್ಣಿ ಹಚ್ಚೀಯೇನ?"

"ನೀ ಏನು ಮರಿ ಹಾಕಾಂವ ಅದೀಯೇನ?" ಎಂದಳು ಕೆಂಪವ್ವ.

ಕುದುರೆ ಈಯಿತು, ಕಂದು ಬಣ್ಣದ ಹೆಣ್ಣುಮರಿ. ಮಳೆಗಾಲ ಮುಗಿದ ಮೇಲೆ ಸಾಹೇಬ ಭರತೇಶನೊಂದಿಗೆ ಬಂದು ಎರಡನ್ನೂ ಹಿಡಿದು ತರಲು ಹೇಳಿದಾಗ ಅವಳು ಮರಿಗೆ ಅಡ್ಡ ನಿಂತಳು.

"ಮರಿ ನನ್ನ ಪಾಲಿಂದಲ್ಲೇನ್ರಿ?"

"ಅಯ್ಯ ಎವ್ವಾ," ಎಂದ ಭರತೇಶ, "ಲುಕ್ ಆಫ್ಟರ್ ಅಂದ್ರ ಬರೇ ಜ್ವಾಕಿ ಮಾಡೂದು. ಅದರಾಗ ಪಾಲು ಗೀಲು ಏನೂ ಇಲ್ಲ."

"ಹೊಟ್ಟಿಗಿಲ್ಲದ ಭಾಷಾ ಬಿಡು!" ಎಂದು ಸಿಡುಕಿದಳು. ಆದರೆ ಕಣ್ಣು ತುಂಬಿಬಂತು. ಹೊದ್ದ ಕಂಬಳಿಯನ್ನು ತೆಗೆದು ಮರಿಗೆ ಹೊದಿಸಿ, ಹಗ್ಗವನ್ನು ಸಾಹೇಬನ ಕೈಯಲ್ಲಿಟ್ಟಳು.

"ಸಾಹೇಬ್ರ, ಲುಕ್ ಆಫ್ಟರ್! ಥಂಡ್ಯಾಗ ಬಿಡಬ್ಯಾಡ್ರಿ. ಕಿವಿ ತುರಿಸಿದ್ರ ಸುಮ್ಮಕ ಮಲಗತೈತಿ."

ಸಾಹೇಬ ಹಗ್ಗ ಹಿಡಿದು ನಿಂತೇಬಿಟ್ಟ. ಏನಿದು ಎಂದು ಭರತೇಶನನ್ನು ಕೇಳಿದ. ಪುಣ್ಯಾತ್ಮ ಭರತೇಶ ಏನನ್ನೂ ಮುಚ್ಚಿಡದೆ ಹಟ್ಟಿಯ ರಿವಾಜನ್ನೆಲ್ಲ ಹೇಳಿದ. ಸಾಹೇಬ ಹಗ್ಗವನ್ನು ಅವಳಿಗೇ ಮರಳಿಸಿದ. ಮರಿ ಹಾಲು ಬಿಡುವ ತನಕ ತಾಯಿಯೂ ಇಲ್ಲೇ ಇರಲಿ ಎಂದು ಹೇಳಿ ಹೊರಟುಹೋದ.

ಮುಂದಿನ ವರ್ಷಗಳಲ್ಲಿ ಆ ಕಂದು ಕುದುರೆ ಬೆನ್ನ ತುಂಬ ಕುರಿಮರಿ ಹೊತ್ತು ನಡೆಯುತ್ತಿತ್ತು. ಪಕ್ಕದಲ್ಲಿ ಕೆಂಪವ್ವ ತಲೆಯ ಮೇಲೆ ಹೊರೆಯಿಲ್ಲದೆ ಕೈಬೀಸಿಕೊಂಡು ಸಾಗುತ್ತಿದ್ದಳು. ಸಂತೆಗೆ ಹೋಗುವಾಗ ಮೊಮ್ಮಕ್ಕಳನ್ನು ನೆರೆಮನೆಯ ಲಗಮವ್ವನಲ್ಲಿ ಬಿಟ್ಟರೆ ಮಾತ್ರ ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಎಚ್ಚರಿಸುತ್ತಿದ್ದಳು:

"ಲುಕ್ ಆಫ್ಟರ್ ಮಾಡವಾ. ಆದ್ರ ಇವು ನನ್ನ ಮರಿ, ಪಾಲು ಕೇಳಬ್ಯಾಡ ಮತ್ತ!"