ನಾನು ತುಂಬಿದ ಫಾರಂ

ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ಬಗ್ಗೆ ನಾನೊಮ್ಮೆ ಒಂದು ಫಾರಂ ತುಂಬಿದೆ. ಅದಕ್ಕೆ ಹಿಡಿದದ್ದು ಹತ್ತು ನಿಮಿಷವೂ ಇರಲಾರದು. ಆ ಹತ್ತು ನಿಮಿಷದ ವಿಚಾರವನ್ನು, ಹೇಳಲೇಬೇಕಾಗಿದ್ದವರನ್ನು ಬಿಟ್ಟರೆ, ಇಲ್ಲಿಯವರೆಗೆ ಪೂರ್ತಿಯಾಗಿ ಯಾರ ಮುಂದೆಯೂ ಹೇಳಿಕೊಂಡಿಲ್ಲ, ನಮ್ಮ ಮನೆಯವರ ಮುಂದೆಯೂ.

ನಾನು ಮಗ್ಗೆ ಎಂಬ ಊರಿನವಳು. ಸಕಲೇಶಪುರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಆ ವರ್ಷ ಹಾಸನದಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಏಕಾಗ್ರತೆಯ ತೊಂದರೆ ಇರುವ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದರ ಬಗ್ಗೆ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದನ್ನು ಪೂರ್ತಿ ಕೇಳುವುದಿಲ್ಲ, ವಸ್ತುಗಳನ್ನು ಕಳೆದುಕೊಳ್ಳುತ್ತದೆ, ಸರದಿಗೆ ಕಾಯುವುದಿಲ್ಲ, ಹೀಗೆ ಒಂದು ಪಟ್ಟಿ ಕೊಟ್ಟರು. ಕೊಟ್ಟವರ ತಪ್ಪೇನೂ ಇಲ್ಲ. ಈ ಪಟ್ಟಿ ನೋಡಿ ನೀವೇ ತೀರ್ಮಾನ ಮಾಡಬೇಡಿ, ವಾರಗಟ್ಟಲೆ ಗಮನಿಸಿ, ಮನೆಯಲ್ಲಿ ಹೇಗಿರುತ್ತದೆ ಕೇಳಿ, ಆಮೇಲೆ ಬರೆಯಿರಿ ಎಂದು ಅವರು ಮತ್ತೆ ಮತ್ತೆ ಹೇಳಿದ್ದರು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಹಾಗಾಗಿ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಆ ಹುಡುಗಿ ಆನೇಮಹಲ್‌ನಿಂದ ಬರುತ್ತಿದ್ದಳು. ಅಲ್ಲಿ ಹೈವೇ ಪಕ್ಕದಲ್ಲಿ ಅವಳ ಅಪ್ಪನಿಗೆ ಸೀಟು ಹೊಲಿಯುವ ಅಂಗಡಿ. ಲಾರಿ, ಜೀಪು, ಎಸ್ಟೇಟಿನ ಟ್ರ್ಯಾಕ್ಟರು, ಯಾವುದರ ಸೀಟು ಹರಿದರೂ ಹೊಸ ರೆಕ್ಸಿನ್ ಹೊದಿಸಿ ಕೊಡುವವರು. ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದು ಅವರ ದೊಡ್ಡ ಆಸೆ. ಅವಳೋ ಬೆಂಚಿನ ಮೇಲೆ ಕೂತದ್ದಕ್ಕಿಂತ ಬೆಂಚಿನ ಕೆಳಗೆ ಇದ್ದದ್ದೇ ಹೆಚ್ಚು. ಲೆಕ್ಕ ಮಾಡು ಎಂದರೆ ಲೆಕ್ಕದ ಪುಸ್ತಕದ ರಟ್ಟನ್ನು ಕೊಯ್ದು ಬಾಗಿಲು ಮಾಡುವಳು. ಪಕ್ಕದವಳ ರಿಬ್ಬನ್ನು, ಬಿಸ್ಕತ್ ಪೊಟ್ಟಣದ ಬೆಳ್ಳಿ ಹಾಳೆ, ಪೆನ್ಸಿಲ್ ಹೆರೆದ ಸಿಪ್ಪೆ, ಎಲ್ಲವೂ ಅವಳ ಚೀಲದಲ್ಲಿ. ನಮ್ಮ ಊರಿನಲ್ಲಾದರೆ ಇಂಥವರಿಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳು ಅನ್ನುತ್ತಿದ್ದರು, ತರಲೆ ಅನ್ನುತ್ತಿದ್ದರು. ಸಂಜೆ ಊಟದ ಹೊತ್ತಿಗೆ ಅಂದವರೂ ಮರೆಯುತ್ತಿದ್ದರು, ಅನ್ನಿಸಿಕೊಂಡವರೂ ಮರೆಯುತ್ತಿದ್ದರು.

ತರಬೇತಿ ಮುಗಿದು ಎರಡು ವಾರವಾಗಿತ್ತು. ಶಾಲೆಯ ಆಡಳಿತ ಮಂಡಳಿಯವರು ಕ್ಲಾಸುಗಳನ್ನು ನೋಡಲು ಬರುವವರಿದ್ದರು. ನಾನು ಮೂರು ಸಂಜೆ ಕೂತು ಗಿಡದ ಭಾಗಗಳ ಚಾರ್ಟು ಬರೆದು ಗೋಡೆಗೆ ಅಂಟಿಸಿದ್ದೆ. ಅವರ ಜೊತೆ ಕ್ಲಾಸಿಗೆ ಕಾಲಿಟ್ಟಾಗ ನೋಡುತ್ತೇನೆ, ಪ್ರತಿಯೊಂದು ಎಲೆಯ ಸುತ್ತ ಕತ್ತರಿಸಿ, ತೊಟ್ಟಿನ ಹತ್ತಿರ ಮಾತ್ರ ಬಿಟ್ಟು, ಮುಂದಕ್ಕೆ ಮಡಚಲಾಗಿದೆ. ಬೇರುಗಳನ್ನು ಸೀಳಿ ಸೀಳಿ ಕೆಳಗೆ ಇಳಿಬಿಡಲಾಗಿದೆ. ಬಂದವರಲ್ಲಿ ಒಬ್ಬ ಪ್ಲಾಂಟರು ಜೋರಾಗಿ ನಕ್ಕು, ಮೇಡಂ ನಿಮ್ಮ ಗಿಡ ಚಿಗುರಿಬಿಟ್ಟಿದೆಯಲ್ಲ ಅಂದರು. ಎಲ್ಲರೂ ನಕ್ಕರು. ಹೆಡ್‌ಮೇಡಂ ನಗಲಿಲ್ಲ. ಯಾರು ಮಾಡಿದ್ದು ಎಂದು ಕೇಳುವ ಮೊದಲೇ ಹುಡುಗಿ ಎದ್ದು ನಿಂತಳು.

"ಎಲೆ ಕಾಂಡಕ್ಕೆ ಅಂಟ್ಕೊಂಡಿರಲ್ಲ ಮಿಸ್, ಈಚೆಗೆ ಬಂದಿರ್ತೈತೆ."

ಅವಳು ಹೇಳಿದ್ದು ಸರಿಯಾಗಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋಗಿ, ಬೀರುವಿನಲ್ಲಿದ್ದ ಫಾರಂ ತೆಗೆದು, ಅವಳ ಹೆಸರು ಬರೆದು ಟಿಕ್ ಹಾಕುತ್ತಾ ಹೋದೆ. 'ಯಾವಾಗಲೂ', 'ಯಾವಾಗಲೂ', 'ಯಾವಾಗಲೂ'. ಎಷ್ಟು ವಾರ ಗಮನಿಸಿದ್ದೀರಿ ಎಂಬಲ್ಲಿ 'ಆರು' ಎಂದು ಬರೆದೆ. ಒಂದು ದಿನವೂ ಆ ಕಣ್ಣಿನಿಂದ ಅವಳನ್ನು ನೋಡಿರಲಿಲ್ಲ.

ಮರುದಿನ ಅಪ್ಪನನ್ನು ಕರೆಸಿದೆವು. ಅಂಗಿಯ ತೋಳಿಗೆ ನೂಲಿನ ಎಳೆಗಳು ಅಂಟಿಕೊಂಡೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಎಡಿಎಚ್‌ಡಿ ಎಂದೆ. ಕನ್ನಡದಲ್ಲಿ ಏನು ಮೇಡಂ ಎಂದು ಕೇಳಿದರು. ತಲೆಯಲ್ಲಿ ಗಮನ ನಿಲ್ಲುವುದಿಲ್ಲ, ಒಂದು ಥರದ ತೊಂದರೆ ಎಂದೆ. ಅವರಿಗೆ ತಲೆ ಎಂಬ ಮಾತು ಮಾತ್ರ ಕೇಳಿಸಿತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹಾಸನದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರ್ ಒಬ್ಬರಿಗೆ ತೋರಿಸಿ ಎಂದು ಫಾರಮ್ಮಿನ ಪ್ರತಿ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ಸಂಜೆಯ ಹೊತ್ತು ಎಲ್ಲಿರುತ್ತಾಳೆ ಎಂದು ವಿಚಾರಿಸಿದೆ. ಅಂಗಡಿಯಲ್ಲಿ, ನನ್ನ ಜೊತೆ ಎಂದರು. ಕತ್ತರಿ, ಮಿಷನ್ನು ಇರುವ ಕಡೆ ಇಂಥ ಮಗುವನ್ನು ಬಿಡಬಾರದು, ಓದಿನ ಕಡೆ ಗಮನ ಬರುವವರೆಗೆ ಅಂಗಡಿಗೆ ಸೇರಿಸಬೇಡಿ ಎಂದೆ. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಂತು, ಹೇಳಿದೆ. ಅವರು ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, ನಿಮ್ಮಿಂದ ಉಪಕಾರ ಆಯಿತು ಎಂದು ಕೈ ಮುಗಿದು ಹೋದರು.

ಒಂದು ತಿಂಗಳಲ್ಲಿ ಹುಡುಗಿ ತಣ್ಣಗಾದಳು. ಬೆಂಚಿನ ಮೇಲೆ ಕೈ ಕಟ್ಟಿ ಕೂರುವಳು. ಅವಳ ಚೀಲದಲ್ಲಿ ಪುಸ್ತಕ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹೆಡ್‌ಮೇಡಂ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಮೆಚ್ಚಿಕೊಂಡರು. ಬೇರೆ ಟೀಚರುಗಳು ಆ ನಾಲ್ಕಕ್ಷರವನ್ನು ಅವಳ ಅಡ್ಡಹೆಸರಿನ ಹಾಗೆ ಬಳಸತೊಡಗಿದರು, ಅವರಿಂದ ಮಕ್ಕಳಿಗೂ ಹೋಯಿತು. ಅಂಕವೇನೂ ಹೆಚ್ಚಾಗಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಆ ದಿನಗಳಲ್ಲೇ ಕೋತಿಗಳು ನನ್ನ ಸ್ಕೂಟರಿನ ಸೀಟನ್ನು ಹರಿದು ಸ್ಪಂಜು ಎಳೆದು ಹಾಕಿದ್ದವು. ಸೀಟು ಮಾಡಿಸಲು ಆನೇಮಹಲ್‌ಗೇ ಹೋಗಿ ಎಂದು ಎಲ್ಲರೂ ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋದೆ. ಹುಡುಗಿ ಅಲ್ಲಿರಲಿಲ್ಲ. ಅಪ್ಪ ಸ್ಟೂಲನ್ನು ಒರೆಸಿ ಕೂರಿಸಿ, ಎದುರಿನ ಹೋಟೆಲಿನಿಂದ ಟೀ ತರಿಸಿದರು. ಒಳಗಿನ ಗೋಡೆಗೆ ಒಂದು ಲಾರಿ ಸೀಟಿನ ಹೊದಿಕೆ ನೇತುಹಾಕಿದ್ದರು. ನಡುವೆ ಒಂದು ಕಾಡುಕೋಳಿ. ಕೆಂಪು, ಕಂದು, ಹಳದಿ, ಕಪ್ಪು, ಉಗುರಿನಷ್ಟು ಚಿಕ್ಕ ಚಿಕ್ಕ ರೆಕ್ಸಿನ್ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಗರಿಗಳು. ಬಾಲದ ಗರಿಗಳು ಬಟ್ಟೆಯಿಂದ ಈಚೆಗೆ ಎದ್ದು ನಿಂತಿದ್ದವು. ಯಾರು ಮಾಡಿದ್ದು ಎಂದು ಕೇಳುವ ಅಗತ್ಯ ಇರಲಿಲ್ಲ. ಆದರೂ ಕೇಳಿದೆ.

"ನಮ್ಮ ಮಗಳೇ. ಬೆಳಿಗ್ಗೆ ಕೂತೋಳು ಸಾಯಂಕಾಲದ ನಮಾಜಿನ ತನಕ ಎದ್ದಿಲ್ಲ ಮೇಡಂ. ಅವ್ಳಮ್ಮ ಬಂದು ಬಾಯಿಗೆ ಊಟ ಇಟ್ಟು ಹೋದ್ಲು. ಈಗ ಬಿಡಲ್ಲ, ನೀವು ಹೇಳಿದ್ರಲ್ಲ, ಅವತ್ತಿಂದ ಕತ್ತರಿ ಮುಟ್ಟಿಸಿಲ್ಲ."

ಅವರು ಅದನ್ನು ನನ್ನ ಮಾತು ನಡೆಸಿಕೊಟ್ಟ ಹೆಮ್ಮೆಯಿಂದ ಹೇಳಿದರು. ಇಡೀ ದಿನ ಎದ್ದೇಳದೆ ಕೂತ ಮಗುವಿನ ಬಗ್ಗೆ ನಾನು ಬರೆದದ್ದು 'ಐದು ನಿಮಿಷವೂ ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ, ಯಾವಾಗಲೂ' ಎಂದು. ಅಲ್ಲಿಯೇ, ಆ ಸ್ಟೂಲಿನ ಮೇಲೆಯೇ ಹೇಳಿಬಿಡಬೇಕಿತ್ತು. ಚೆನ್ನಾಗಿದೆ ಎಂದೆ. ಟೀ ಕುಡಿದು ಎದ್ದು ಬಂದೆ.

ಮುಂದಿನ ವಾರ ಡಾಕ್ಟರಿಂದ ಶಾಲೆಗೆ ಕಾಗದ ಬಂತು. ತಾವು ಎರಡು ಸಲ ನೋಡಿದಾಗ ಕಂಡದ್ದಕ್ಕೂ ಮನೆಯವರು ಹೇಳಿದ್ದಕ್ಕೂ ಶಾಲೆಯ ಫಾರಮ್ಮಿಗೂ ತಾಳೆಯಾಗುತ್ತಿಲ್ಲ, ಟೀಚರು ಇನ್ನೊಮ್ಮೆ ಗಮನಿಸಿ ಹೊಸದಾಗಿ ತುಂಬಿ ಕಳಿಸಬೇಕು ಎಂದು ಬರೆದಿದ್ದರು. ಸರಿಪಡಿಸಲು ದೇವರೇ ಕೊಟ್ಟ ಅವಕಾಶ ಎಂದು ಆಗ ಅನ್ನಿಸಿದ್ದು ನಿಜ. ಆದರೆ ಪೆನ್ನು ಹಿಡಿದು ಕೂತಾಗ ಬೇರೆ ಯೋಚನೆ ಬಂತು. ಎಲ್ಲವನ್ನೂ ಬದಲಾಯಿಸಿದರೆ ಮೊದಲು ಬರೆದದ್ದು ಸುಳ್ಳು ಎಂದಾಗುತ್ತದೆ. ಹೆಡ್‌ಮೇಡಂ ನೋಡುತ್ತಾರೆ. ಹಾಗಾಗಿ ಕೆಲವು 'ಯಾವಾಗಲೂ'ಗಳನ್ನು 'ಆಗಾಗ' ಮಾಡಿದೆ, ಕೆಲವನ್ನು ಇದ್ದ ಹಾಗೇ ಬಿಟ್ಟೆ. ಮೊದಲ ಸಲ ಸಿಟ್ಟಿನಲ್ಲಿ ಬರೆದಿದ್ದೆ. ಈ ಸಲ ಸಮಾಧಾನವಾಗಿ ಕೂತು ಬರೆದೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಕೇಳಿದರೆ ನಾನು ಎರಡನೆಯದನ್ನೇ ತೋರಿಸುತ್ತೇನೆ.

ಆ ಫಾರಂ ಒಯ್ಯಲು ಹುಡುಗಿಯ ಅಮ್ಮ ಬಂದರು. ಹತ್ತನೇ ಕ್ಲಾಸು ಓದಿದವರು, ಮಾತು ಕಡಿಮೆ. ಲಕೋಟೆಯನ್ನು ಕೈಯಲ್ಲಿ ಹಿಡಿದುಕೊಂಡು ವರಾಂಡದಲ್ಲಿ ನಿಂತರು.

"ಡಾಕ್ಟ್ರು ನನ್ನೂ ಕೇಳಿದ್ರು ಮಿಸ್, ಮನೇಲಿ ಹೆಂಗಿರ್ತಾಳೆ ಅಂತ. ನಾನು ಇದ್ದಿದ್ದನ್ನೇ ಹೇಳ್ದೆ. ನೀವೂ ಇದ್ದಿದ್ದನ್ನೇ ಬರ್ದಿದೀರ ಅಲ್ವಾ?"

ಆಕೆಯಲ್ಲಿ ಅನುಮಾನ ಇರಲಿಲ್ಲ. ಹೌದು ಅನ್ನಿಸಿಕೊಂಡು ಧೈರ್ಯ ತಂದುಕೊಳ್ಳಲು ಕೇಳಿದ್ದು. ಲಕೋಟೆಯನ್ನು ವಾಪಸು ಕೇಳಿ ಇಸಿದುಕೊಂಡೆ. ಖಾಲಿ ಕ್ಲಾಸಿನಲ್ಲಿ ಕೂರಿಸಿ, ಚಾರ್ಟಿನ ದಿನದಿಂದ ಹಿಡಿದು ಈ ಎರಡನೇ ಫಾರಮ್ಮಿನವರೆಗೆ ಎಲ್ಲ ಹೇಳಿದೆ. ಕೊನೆಗೆ ಆಕೆ, ಇದನ್ನು ನಮ್ಮ ಮನೆಯವರಿಗೆ ನೀವೇ ಬಂದು ಹೇಳಬೇಕು, ನಾನು ಹೇಳಿದರೆ ಅವರು ನಂಬುವುದಿಲ್ಲ, ನಿಮ್ಮ ಮಾತು ಅಂದರೆ ಅವರಿಗೆ ಅಷ್ಟು ನಂಬಿಕೆ ಎಂದರು.

ಅದೇ ಸಂಜೆ ಹೋದೆ. ಅವರೇ ಹೊಲಿದುಕೊಟ್ಟಿದ್ದ ಹೊಸ ಸೀಟಿನ ಮೇಲೆ ಕೂತೇ ಹೋದೆ. ಅವರು ಮಿಷನ್ನು ನಿಲ್ಲಿಸಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಕೈಯಲ್ಲಿದ್ದ ನೂಲನ್ನು ಬೆರಳಿಗೆ ಸುತ್ತಿಕೊಂಡರು.

"ನಂಗೆ ಅದ್ರಲ್ಲಿ ಏನ್ ಬರ್ದೈತೆ ಅಂತ ಓದಕ್ಕೆ ಬರಲ್ಲ ಮೇಡಂ. ಓದಕ್ಕೆ ಬರೋರು ಬರ್ದಿದಾರೆ ಅಂತ ನಂಬ್ದೆ. ಮಗು ಅತ್ರೂ ಕತ್ತರಿ ಕೊಡ್ಲಿಲ್ಲ."

ಅಷ್ಟು ಹೇಳಿ ಮತ್ತೆ ಮಿಷನ್ನಿಗೆ ತಿರುಗಿದರು. ಆ ದಿನ ಟೀ ತರಿಸಲಿಲ್ಲ.

ಡಾಕ್ಟರಿಗೆ ನಿಜವನ್ನು ಕಾಗದದಲ್ಲಿ ಬರೆದೆ. ಅದರ ಪ್ರತಿಯನ್ನು ಹೆಡ್‌ಮೇಡಂ ಮೇಜಿನ ಮೇಲೂ ಇಟ್ಟೆ. ಅವರು ಓದಿ, ಇದನ್ನೆಲ್ಲ ಬರೆಯುವ ಅಗತ್ಯ ಇತ್ತಾ ಎಂದಷ್ಟೇ ಕೇಳಿದರು. ಡಾಕ್ಟರು ಫೋನ್ ಮಾಡಿದರು. ಇನ್ನೊಮ್ಮೆ ಮಗುವನ್ನು ನೋಡಿದ್ದಾಗಿಯೂ, ಆ ತೊಂದರೆ ಎಂದು ಹೇಳುವಂಥದ್ದು ತಮಗೆ ಕಂಡಿಲ್ಲವೆಂದೂ, ಹೆತ್ತವರಿಗೂ ಹಾಗೆಯೇ ಬರೆದುಕೊಟ್ಟಿರುವುದಾಗಿಯೂ ಹೇಳಿದರು. ಗದರಿಸಲಿಲ್ಲ. ನಿಜವಾಗಿ ತೊಂದರೆ ಇರುವ ಮಕ್ಕಳು ನನ್ನ ಬಳಿಗೆ ಬರುತ್ತಾರೆ, ಸರಿಯಾದ ಹೊತ್ತಿಗೆ ಬಂದರೆ ಅವರಿಗೆ ಒಳ್ಳೆಯದೂ ಆಗುತ್ತದೆ, ಇಂಥ ಫಾರಂಗಳು ಬಂದರೆ ನಾನು ಯಾರನ್ನು ನಂಬಲಿ ಹೇಳಿ ಎಂದರು. ಅದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಒಬ್ಬಳಿಗೆ ಮಾತ್ರ ಅನ್ಯಾಯ ಮಾಡಿದೆ ಎಂದುಕೊಂಡಿದ್ದೆ. ಎರಡು ವರ್ಷದ ನಂತರ ನನ್ನದೇ ಕ್ಲಾಸಿನ ಇನ್ನೊಂದು ಮಗುವಿಗೆ ಆ ತೊಂದರೆ ನಿಜವಾಗಿ ಇತ್ತು. ಮತ್ತೆ ತಪ್ಪು ಬರೆದೇನು ಎಂಬ ಭಯದಲ್ಲಿ ಆರು ತಿಂಗಳು ಬಾಯಿಬಿಡದೆ ಕೂತೆ. ಆ ಮಗು ಆರು ತಿಂಗಳು ಸುಮ್ಮನೆ ಒದ್ದಾಡಿತು. ಅದೂ ನನ್ನ ಲೆಕ್ಕಕ್ಕೇ.

ಶಾಲೆಯಲ್ಲಿ ಆ ಹುಡುಗಿಯ ಅಡ್ಡಹೆಸರು ಹೋಗಲಿಲ್ಲ. ನಾನು ಕ್ಲಾಸಿನ ಮುಂದೆ ನಿಂತು, ತಪ್ಪು ನನ್ನದು, ಹಾಗೆ ಕರೆಯಬಾರದು ಎಂದು ಹೇಳಿದೆ. ಮಕ್ಕಳು ನನ್ನ ಎದುರಿಗೆ ಕರೆಯುವುದನ್ನು ನಿಲ್ಲಿಸಿದರು. ವರ್ಷ ಮುಗಿದ ಮೇಲೆ ಅವಳನ್ನು ಬಿಡಿಸಿ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದರು.

ಮುಂದೆ ಒಂದು ದಿನ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅಮ್ಮ ಹಣ್ಣು ತರಲು ಹೋಗಿದ್ದರು, ಇವಳು ಚೀಲ ಕಾಯುತ್ತಾ ಕೂತಿದ್ದಳು. ಉದ್ದವಾಗಿದ್ದಳು. ನಾನೇ ಮಾತಾಡಿಸಿದೆ. ಈಗ ಅಂಗಡಿಗೆ ಹೋಗುತ್ತೀಯಾ ಎಂದು ಕೇಳಿದೆ. ಹೋಗುತ್ತೇನೆ, ಆದರೆ ಕತ್ತರಿಸುವುದಿಲ್ಲ, ನಮ್ಮ ಅಬ್ಬಾ ಕತ್ತರಿಸಿ ಕೊಟ್ಟರೆ ಅಂಟಿಸುತ್ತೇನೆ ಅಷ್ಟೆ ಎಂದಳು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದಳು.

"ಮಿಸ್, ನಂಗೆ ವಾಸಿ ಆಯ್ತಾ?"

ಇಷ್ಟು ದಿನ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ದೊಡ್ಡವರು ದೊಡ್ಡವರಲ್ಲೇ ಮಾತಾಡಿ ಮುಗಿಸಿದ್ದೆವು. ನಿನಗೆ ಏನೂ ಆಗಿರಲಿಲ್ಲ, ನಾನು ತಪ್ಪು ಬರೆದಿದ್ದೆ ಎಂದೆ. ಯಾಕೆ ಎಂದು ಕೇಳಿದಳು. ನೀನು ಚಾರ್ಟು ಕತ್ತರಿಸಿದ್ದಕ್ಕೆ ಸಿಟ್ಟು ಬಂದಿತ್ತು ಎಂದೆ. ಅವಳು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸಿಟ್ಟು ಬಂದಿದ್ರೆ ಬೈಬೋದಿತ್ತಲ್ಲ ಮಿಸ್."

ಹೌದು, ಬೈಯಬಹುದಿತ್ತು ಎಂದೆ. ಅಷ್ಟರಲ್ಲಿ ಅಮ್ಮ ಬಂದರು, ನನ್ನನ್ನು ನೋಡಿ ತಲೆಯಾಡಿಸಿದರು. ಇಬ್ಬರೂ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತ ಹುಡುಗಿ ಬಸ್ ಟಿಕೆಟನ್ನು ಬೆರಳುಗಳ ನಡುವೆ ಸಣ್ಣದಾಗಿ ಮಡಚುತ್ತಿದ್ದಳು. ಅಮ್ಮ ಅದನ್ನು ತೆಗೆದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡರು, ಬಸ್ಸು ಹೊರಟಿತು.