ಮೂರನೇ ಕರೆಗೆ ಓಗೊಟ್ಟವಳು

ಇದನ್ನು ಕಟ್ಟುಕತೆ ಎಂದು ನೀವು ತಳ್ಳಿಹಾಕಿದರೆ ನನಗೇ ಒಳ್ಳೆಯದು. ಕತೆಯಾಗಿದ್ದರೆ ನಾನು ಇಷ್ಟು ನಾಚಿಕೆಪಡಬೇಕಾಗಿರಲಿಲ್ಲ. ಆದರೆ ಇದು ನಡೆದದ್ದು ನನಗೇ, ತಿಕೋಟಾ ಹತ್ತಿರದ ಘೋಣಸಗಿಯಲ್ಲಿ, ನನ್ನ ಅಕ್ಕನ ತೋಟದ ಮನೆಯಲ್ಲಿ, ದ್ರಾಕ್ಷಿ ಒಣಗಿಸುವ ಕಾಲದ ಒಂದು ರಾತ್ರಿ.

ಮೊದಲು ನನ್ನ ಸೊಕ್ಕಿನ ವಿಷಯ ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ನಮ್ಮ ಓಣಿಯ ಹೆಂಗಸರಿಗೆ ನಾನು ‘ಧ್ಯಾನದ ಸುವರ್ಣಕ್ಕ’. ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಉಸಿರಿನ ಮೇಲೆ ಗಮನವಿಟ್ಟು ಕೂರುತ್ತಿದ್ದೆ. ಕೂತು ಕೂತು ಶಾಂತಿ ಬಂತೋ ಇಲ್ಲವೋ, ಸೊಕ್ಕಂತೂ ಬಂತು. ಉಸಿರು ನೋಡುವುದೆಲ್ಲ ಬಾಲವಾಡಿ ಮಕ್ಕಳ ಪಾಠ ಅನಿಸತೊಡಗಿ, ಮೊಬೈಲಿನಲ್ಲಿ ನಡೆಯುವ ಮೇಲಿನ ಹಂತದ ಶಿಬಿರವೊಂದಕ್ಕೆ ಸೇರಿಕೊಂಡೆ.

ಅಲ್ಲಿ ಕೂರುವ ರೀತಿಯೇ ಬೇರೆ. ಒಮ್ಮೆ ಕೂತರೆ ಬೆರಳೂ ಅಲುಗಿಸಬಾರದು. ಕಿವಿಗೆ ಏನೇ ಬಿದ್ದರೂ ಅದಕ್ಕೆ ಮನಸ್ಸಿನಲ್ಲೇ ‘ಶಬ್ದ’ ಎಂದು ಹೆಸರಿಟ್ಟು ಬಿಟ್ಟುಬಿಡಬೇಕು. ಇಷ್ಟು ಗಟ್ಟಿಯಾದ ಮೇಲೆ ದೇಹದಿಂದ ಒಂದು ಹೆಜ್ಜೆ ಹಿಂದೆ ಸರಿದು, ಕೂತಿರುವ ತನ್ನನ್ನು ತಾನೇ ಬೆನ್ನ ಹಿಂದಿನಿಂದ ನೋಡಬೇಕು.

ಶುರುವಿನಲ್ಲಿ ಒಂದು ದಿನ, ಎಂದೋ ತೀರಿಹೋದ ನಮ್ಮವ್ವನ ದನಿ ಕಿವಿಯ ಪಕ್ಕದಲ್ಲೇ ಕೇಳಿ ಗಡಬಡಿಸಿ ಎದ್ದುಬಿಟ್ಟೆ. ಗುರುಗಳಿಗೆ ಹೇಳಿದಾಗ ಅವರು ಎಲ್ಲರೆದುರು ನಕ್ಕರು. “ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಯಾರ ದನಿ ಬೇಕಾದ್ರೂ ಹೊತ್ತು ತರುತ್ತೆ ಅಮ್ಮಾ, ನೀವು ಎದ್ದೇ ಬಿಟ್ರಾ?” ಪರದೆಯ ಮೇಲಿದ್ದ ಅಷ್ಟೂ ಮುಖಗಳು ಮುಸಿಮುಸಿ ನಕ್ಕವು. ಇನ್ನು ಯಾರು ಕರೆದರೂ ಏಳುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ.

ನನ್ನ ಅಕ್ಕನ ಹೆಸರು ಗಂಗವ್ವ. ನನಗಿಂತ ಬಹಳ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದ್ರಾಕ್ಷಿಯನ್ನು ಒಣಹಾಕುವ ಮುಂಚೆ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆ ನೀರು ಚೆಲ್ಲಿದ್ದ ಕಡೆ ಜಾರಿ ಬಿದ್ದು ಅಕ್ಕ ತೊಡೆಯ ಎಲುಬು ಮುರಿದುಕೊಂಡಿದ್ದಳು. ರಾಡು ಹಾಕಿದ್ದರು. ಯಾರಾದರೂ ಜೊತೆಗಿದ್ದರೆ ಮಾತ್ರ ವಾಕರ್ ಹಿಡಿದು ನಡೆಯುತ್ತಿದ್ದಳು. ಅವಳ ಮಗ ಬಸು ಮತ್ತು ಸೊಸೆ ರೇಖಾ ಒಂದು ಮದುವೆಗೆಂದು ನಿಡೋಣಿಗೆ ಹೋಗಬೇಕಾಗಿ ಬಂದು, ಆ ಒಂದು ರಾತ್ರಿ ನೋಡಿಕೊಳ್ಳಲು ನನ್ನನ್ನು ಕರೆಸಿದರು.

“ಚಿಗವ್ವ, ಅವ್ವ ಒಬ್ಬಾಕಿನ ಏಳಾಕ ನೋಡ್ತಾಳ. ಏಳಾಕ ಬಿಡಬ್ಯಾಡ್ರಿ,” ಎಂದ ಬಸು, ಗಾಡಿ ಚಾಲೂ ಮಾಡುತ್ತ. “ಇನ್ನೊಮ್ಮಿ ಬಿದ್ಲಂದ್ರ ಕಾಲು ಉಳಿಯಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ.”

“ನೀ ಚಿಂತಿ ಬಿಡೋ. ನಾ ಎಚ್ಚರ ಇರಾಕೀನ ಅದೀನಿ,” ಎಂದೆ.

ಊಟವಾದ ಮೇಲೆ ಅಕ್ಕ ಮಂಚದ ಮೇಲಿಂದ ನನ್ನ ಸೆರಗು ಜಗ್ಗಿದಳು.

“ಸುವ್ವಿ, ಮೊದಲಿನ್ಹಂಗ ಒಂದೀಟ ಕಾಲ ಒತ್ತ ಬೇ. ಅಜವಾನ ಹಾಕಿದ ಎಣ್ಣಿ ಅಡಗಿ ಮನ್ಯಾಗ ಐತಿ.”

“ಆಮ್ಯಾಲ ಒತ್ತತೀನಕ್ಕಾ. ನಂದು ಕುಂದ್ರೂ ಹೊತ್ತಾತು.”

“ಹೋಗವ್ವಾ ತಾಯಿ, ದೊಡ್ಡ ಸನ್ಯಾಸಿ ಆಗೀದಿ ನೀ ಈಗ!” ಅಕ್ಕ ನಕ್ಕಳು. “ರಾತ್ರಿ ಏಳೂದಿತ್ತಂದ್ರ ಕರೀತೀನಿ. ಮೂರ ಸಲ ಕರೀತೀನಿ. ನೆಪ್ಪ ಐತಿಲ್ಲ?”

ನೆನಪಿಲ್ಲದೆ ಏನು? ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೇ ಕರೆಗೆ, ಎರಡನೇ ಕರೆಗೆ ಓಗೊಡಬಾರದು. ಮನುಷ್ಯರಲ್ಲದವು ಮೂರನೇ ಸಲ ಕರೆಯಲಾರವು ಎನ್ನುತ್ತಾರೆ. ಚಿಕ್ಕವಳಿದ್ದಾಗ ನನಗೆ ಇದನ್ನು ಹೇಳಿಕೊಟ್ಟವಳು ಅಕ್ಕನೇ. ‘ನಾ ಆದ್ರ ಮೂರ ಸಲ ಕರೀತೀನಿ, ಆಗ ಓ ಅನ್ನು’ ಎನ್ನುತ್ತಿದ್ದಳು.

ಬಾಗಿಲಿಗೆ ಚಿಲಕ ಹಾಕಿ, ದೀಪ ಆರಿಸಿ, ಪಡಸಾಲೆಗೆ ಹೊಂದಿಕೊಂಡ ದೇವರ ಕೋಣೆಯಲ್ಲಿ ಕೂತೆ. ನಡುವಿನ ಬಾಗಿಲು ತೆರೆದೇ ಇತ್ತು. ಹೊರಗೆ ದ್ರಾಕ್ಷಿ ಒಣಹಾಕಿದ್ದ ಮಣೂಕದ ಶೆಡ್ಡಿನ ಪರದೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಅರ್ಧ ಒಣಗಿದ ದ್ರಾಕ್ಷಿಯ ಸಿಹಿ ಹುಳಿ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ಶಬ್ದ... ವಾಸನೆ... ಹೆಸರಿಟ್ಟು ಬಿಡುತ್ತಾ ಹೋದೆ. ಮೊಣಕಾಲಿನ ನೋವು ಬಂತು, ಅದೂ ಹೋಯಿತು.

ಎಷ್ಟು ಹೊತ್ತಾಯಿತೋ... ಇದ್ದಕ್ಕಿದ್ದಂತೆ ನನಗೆ ನನ್ನ ಬೆನ್ನು ಕಂಡಿತು.

ಕಲ್ಪನೆಯಲ್ಲ ಸ್ವಾಮಿ. ಸಡಿಲವಾದ ನನ್ನ ತುರುಬು, ರವಿಕೆಯ ಬೆನ್ನಿನ ಮೇಲೆ ನಾನೇ ಹಾಕಿಕೊಂಡಿದ್ದ ಹೊಲಿಗೆ, ನೆಲಕ್ಕೆ ಬಿದ್ದಿದ್ದ ಸೆರಗಿನ ತುದಿ. ನಾನು ಎರಡು ಮಾರು ಹಿಂದೆ ನಿಂತು ನೋಡುತ್ತಿದ್ದೆ. ಎಂಥ ಖುಷಿ ಆಯಿತೆಂದರೆ, ನಾಳೆ ಶಿಬಿರದಲ್ಲಿ ಇದನ್ನು ಹೇಗೆ ಹೇಳಬೇಕು ಎಂದು ಆಗಲೇ ಮಾತು ಹೊಂದಿಸತೊಡಗಿದ್ದೆ.

“ಸುವ್ವೀ...”

ಶಬ್ದ, ಎಂದುಕೊಂಡೆ.

ಮಂಚ ಕಿರ್ರೆಂದಿತು. “ಸುವ್ವೀ... ಬಚ್ಚಲಕ್ಕ ಹೋಗಬೇಕಾಗೇತಿ ಬೇ...”

ಶಬ್ದ. ಅವ್ವನ ದನಿ ತಂದ ಮನಸ್ಸು ಇವತ್ತು ಅಕ್ಕನ ದನಿ ತಂದಿದೆ, ಈ ಸಲ ನಾನು ಸೋಲುವುದಿಲ್ಲ ಎಂದುಕೊಂಡೆ. ಒಳಗೊಳಗೇ ಬೀಗಿದೆ ಕೂಡ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಹಳ ಸಣ್ಣಗೆ, ಬೇಡಿಕೊಳ್ಳುವವರ ಹಾಗೆ... “ಸುವ್ವೀ...”

ಅದು ಮೂರನೆಯದು. ಅದು ಅಕ್ಕನೇ ಎಂದು ನನಗೆ ಗೊತ್ತಾಯಿತು. ಖಂಡಿತ ಗೊತ್ತಾಯಿತು. ಆದರೂ, ಕಂಡಿದ್ದು ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ಆಸೆಗೆ, ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಕೂತೇ ಇದ್ದೆ.

“ಬಂದ್ನಿ ಅಕ್ಕಾ.”

ನನ್ನ ದನಿ.

ನನ್ನ ತುಟಿ ಬಿಗಿದೇ ಇತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆ ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ, ಎರಡು ಮಾರು ಹಿಂದಿನಿಂದ.

ಮರುಕ್ಷಣ ನನ್ನ ಬೆನ್ನು ಕಾಣುವುದು ನಿಂತುಹೋಯಿತು. ಮುಚ್ಚಿದ ಕಣ್ಣೊಳಗೆ ಬರೀ ಕತ್ತಲು. ನನ್ನ ಪಕ್ಕದಿಂದ ಸೀರೆ ಸರಿದ ಗಾಳಿ ತೋಳಿಗೆ ತಾಕಿತು. ಕಾಲುಂಗುರ ನೆಲಕ್ಕೆ ತಾಕುವ ಸದ್ದು ಪಡಸಾಲೆಯತ್ತ ಹೋಯಿತು.

“ಸಾವಕಾಶ ಅಕ್ಕಾ... ನನ್ನ ಹೆಗಲ ಹಿಡಿ...”

ವಾಕರ್ ಟಕ್... ಟಕ್... ಎಂದು ಬಚ್ಚಲಿನ ಕಡೆ ಹೋಯಿತು. ನೀರು ಸುರಿಯಿತು. ವಾಪಸ್ಸು ಬಂತು. ಅಡುಗೆಮನೆಯಲ್ಲಿ ಲೈಟರ್ ಚಟ್ ಎಂದಿತು. ಅಜವಾನದ ಬಿಸಿ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಆಮೇಲೆ ಬಹಳ ಹೊತ್ತು ಪಿಸುಪಿಸು ಮಾತು. ನಡುವೆ ಒಮ್ಮೆ ಅಕ್ಕ ನಕ್ಕಳು. ಹಾಗೆ ಅವಳು ನಕ್ಕದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು.

ಕಣ್ಣು ತೆರೆಯಲು ನನಗೆ ಧೈರ್ಯ ಬರಲಿಲ್ಲ. ಅಲ್ಲಾಡದೆ ಕೂತಿದ್ದೆ ನಿಜ, ಆದರೆ ಅದು ಸಾಧನೆಯಲ್ಲ, ಜೀವಭಯ. ಅಕ್ಕನ ಹತ್ತಿರ ಕೂತಿರುವುದು ಏನು ಎಂದು ಗೊತ್ತಿಲ್ಲದೆಯೂ ಅವಳನ್ನು ಅದರ ಕೈಗೆ ಬಿಟ್ಟು ನಾನು ಕೂತಿದ್ದೆ.

ಊರ ಕಡೆಯಿಂದ ಮಸೀದಿಯ ಬಾಂಗ್ ಕೇಳಿದಾಗ ಕಣ್ಣು ಬಿಟ್ಟೆ. ಕಾಲು ಮರಗಟ್ಟಿ, ಗೋಡೆ ಹಿಡಿದು ತೆವಳುವ ಹಾಗೆ ಪಡಸಾಲೆಗೆ ಬಂದು ದೀಪ ಹಾಕಿದೆ. ಅಕ್ಕ ಗಾಢ ನಿದ್ದೆಯಲ್ಲಿದ್ದಳು. ಕೌದಿಯನ್ನು ಗಲ್ಲದವರೆಗೆ ಹೊದಿಸಿ ಅಂಚು ಮಡಿಸಲಾಗಿತ್ತು. ಕೌದಿಯಿಂದ ಹೊರಗಿದ್ದ ಪಾದಗಳು ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿದ್ದವು. ಬಚ್ಚಲಿನ ನೆಲ ಹಸಿ. ಒಲೆಯ ಮೇಲೆ ಎಣ್ಣೆ ಕಾಸಿದ ಸೌಟು ಇನ್ನೂ ಬೆಚ್ಚಗಿತ್ತು. ಹೊರಬಾಗಿಲಿನ ಚಿಲಕ ನಾನು ಹಾಕಿದ ಹಾಗೆಯೇ ಇತ್ತು.

ನಿದ್ದೆಗಣ್ಣಿನಲ್ಲಿ ನಾನೇ ಎದ್ದು ಮಾಡಿರಬಹುದೇ ಎಂದು ಅಂಗೈ ಮೂಸಿ ನೋಡಿಕೊಂಡೆ. ಸಂಜೆ ಹಚ್ಚಿಕೊಂಡ ವಿಭೂತಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಎರಡೂ ಕೈ ಒಣಗಿ ತಣ್ಣಗಿದ್ದವು.

ಬಸು, ರೇಖಾ ಬಂದರು. ಅಕ್ಕನಿಗೆ ಹೇಳಿದಷ್ಟೂ ಸಾಲದು.

“ನಿಮ್ಮ ಚಿಗವ್ವ ರಾತ್ರೆಲ್ಲಾ ಮಲಗಿಲ್ಲೋ ಬಸ್ಯಾ! ಮೂರನೇ ಸಲ ಕರ್ಯೂದ ತಡ, ಓಡಿ ಬಂದ್ಲು. ಕಾಲ ಒತ್ತಿದ್ಲು, ಅವ್ವನ ಸುದ್ದಿ ಎಲ್ಲಾ ತಗದ್ಲು...”

“ಲೈಟ್ ಹಚ್ಚಿದ್ನೇನಕ್ಕಾ ನಾ?” ಎಂದು ಕೇಳಿದೆ.

“ನಾ ಹಚ್ಚಂದೆ. ನೀನ ಬ್ಯಾಡಂದಿ. ಕತ್ತಲದಾಗ ಇರ್ಲಿ ಬಿಡು ಅಕ್ಕಾ ಅಂದಿ. ಮರತ್ಯಾ?”

ರೇಖಾ ಬಗ್ಗಿ ನನ್ನ ಕಾಲು ಮುಟ್ಟಿದಳು. “ನಿಮ್ಮಂಥಾಕಿ ತಂಗಿ ಸಿಗಾಕ ಪುಣ್ಯ ಮಾಡಿರಬೇಕ್ರಿ ಚಿಗವ್ವ.” ಅವಳು ಕೊಟ್ಟ ಚಹಾ ಕುಡಿದು, ಬಸ್ಸು ಹತ್ತಿ ವಿಜಯಪುರಕ್ಕೆ ಬಂದುಬಿಟ್ಟೆ. ನಾನು ಮಾಡದ ಸೇವೆಗೆ ನನ್ನ ಕಾಲು ಮುಟ್ಟಿಸಿಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಕೂತಿದ್ದೆ.

ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ಮೊನ್ನೆ ಹೋಗಿದ್ದೆ. ಅವಳು ಕೇಳುವ ಮುಂಚೆಯೇ ಎಣ್ಣೆ ಬಿಸಿ ಮಾಡಿಕೊಂಡು ಬಂದು, ಪಾದ ತೊಡೆಯ ಮೇಲಿಟ್ಟುಕೊಂಡು, ನನ್ನಲ್ಲಿರುವ ಪ್ರೀತಿಯನ್ನೆಲ್ಲ ಬೆರಳಿಗೆ ತಂದು ಒತ್ತಿದೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಇದಲ್ಲ ಬೇ,” ಎಂದಳು. “ಅವತ್ತಿನ ಕೈ ಬ್ಯಾರೆ ಇತ್ತು.”

ನನಗೆ ತಲೆ ಎತ್ತಲಾಗಲಿಲ್ಲ.

ಆ ರಾತ್ರಿಯಿಂದ ನಾನು ಧ್ಯಾನಕ್ಕೆ ಕೂತಿಲ್ಲ. ಓಣಿಯ ಹೆಂಗಸರಿಗೆ ಮೊಣಕಾಲು ನೋವು ಎಂದು ಹೇಳಿದ್ದೇನೆ. ಅಕ್ಕನ ಮೂರನೇ ಕರೆಗೆ ಓಗೊಟ್ಟು ಎದ್ದು ಹೋದವಳು ವಾಪಸ್ಸು ಬಂದು ನನ್ನೊಳಗೆ ಕೂತಳೋ, ಇಲ್ಲವೋ... ನನಗೆ ಗೊತ್ತಿಲ್ಲ. ಬಂದಿಲ್ಲ ಅಂತಲೇ ಅನಿಸುತ್ತದೆ.